ಶಿರಸಿ ಅಡಿಕೆ ತೋಟದ ರೋಬಸ್ಟಾ ಕಾಫಿ ಪುಡಿ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಪುಡಿ ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಆದರೆ ಚಿಕೋರಿ (ಕಾಫಿಗೆ ಬೆರೆಸುವ, ಹುರಿದ ಬೇರಿನ ಪುಡಿ) ಹಾಕಿದ ಪುಡಿ ಕುಡಿದು ರೂಢಿಯಾದವರಿಗೆ ಮೊದಲ ಲೋಟ ಸ್ವಲ್ಪ ತೆಳು ಅನ್ನಿಸುತ್ತದೆ.

ಇದು ಶಿರಸಿ ಹತ್ತಿರದ ಹಳ್ಳಿಯೊಂದರ ಅಡಿಕೆ ತೋಟದಲ್ಲಿ ಬೆಳೆದ ರೋಬಸ್ಟಾ. ಬ್ರಾಂಡ್ ಹೆಸರೇ ಇಲ್ಲ. ಮನೆಯವರೇ ಹುರಿಸಿ, ಪುಡಿ ಮಾಡಿಸಿ, ಪರಿಚಯದವರಿಗೂ ಪೇಟೆಯ ಕಿರಾಣಿ ಅಂಗಡಿಗೂ ಕೊಡುತ್ತಾರೆ. ಪ್ಯಾಕೆಟ್ ಒಳಗೆ ಕೈಯಲ್ಲಿ ಬರೆದ ಒಂದು ಚೀಟಿ. ರೋಬಸ್ಟಾ, ಚಿಕೋರಿ ಇಲ್ಲ, ಹುರಿದ ತಾರೀಕು, ಅಷ್ಟೇ. ನನಗೆ ಬೇಕಾದದ್ದೂ ಅಷ್ಟೇ. ಕಾಲು ಕೆಜಿಗೆ 260 ರೂಪಾಯಿ. ಮಿಶ್ರಣದ ಪುಡಿಗೆ ಹೋಲಿಸಿದರೆ ಜಾಸ್ತಿ ಹೌದು. ಆದರೆ ಮಿಶ್ರಣ ಅಂದರೆ ಅದರಲ್ಲಿ ಶೇ 49ರವರೆಗೂ ಚಿಕೋರಿ ಇರಬಹುದು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರಲೇಬೇಕು. ಒಮ್ಮೆ ತಿರುಗಿಸಿ ನೋಡಿ. ಆಮೇಲೆ ಬೆಲೆ ಹೋಲಿಸಿ.

ಜನವರಿಯಲ್ಲಿ ಆ ತೋಟಕ್ಕೆ ಹೋಗಿದ್ದೆ, ಕೊಯ್ಲು ನೋಡಬೇಕು ಅಂತಲೇ. ಬೆಲೆ ಯಾಕೆ ಅಷ್ಟು ಅಂತ ಅಲ್ಲಿ ಗೊತ್ತಾಗುತ್ತದೆ. ಗಿಡದಲ್ಲಿ ಗಂಟುಗಂಟಿಗೂ ಕಾಯಿ ಕಚ್ಚಿಕೊಂಡಿರುತ್ತದೆ, ಆದರೆ ಒಂದೇ ಗೊಂಚಲಲ್ಲಿ ಕೆಂಪು ಹಣ್ಣೂ ಇರುತ್ತದೆ, ಹಳದಿಗೆ ತಿರುಗಿದ್ದೂ ಇರುತ್ತದೆ, ಪೂರ್ತಿ ಹಸಿರೂ ಇರುತ್ತದೆ. ಕೊಂಬೆಗೆ ಕೈ ಹಾಕಿ ಒಂದೇ ಸಲ ಎಳೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಹಸಿರು ಕಾಯಿಯೂ ಬುಟ್ಟಿಗೆ ಬೀಳುತ್ತದೆ. ಅದರಿಂದಲೇ ಕಾಫಿಗೆ ಒಗರು ಬರುವುದು. ಇವರ ಮನೆಯಲ್ಲಿ ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ಯುತ್ತಾರೆ, ಉಳಿದದ್ದು ಹಣ್ಣಾದ ಮೇಲೆ ಅದೇ ಗಿಡಕ್ಕೆ ಮತ್ತೆ ಬರುತ್ತಾರೆ. ನಾನೂ ಕೈ ಹಾಕಿದಾಗ ಮನೆಯ ಅಮ್ಮ ಪಕ್ಕದಲ್ಲೇ ನಿಂತು "ತಂಗೀ, ಹಸರು ಕಾಯಿ ಕೊಯ್ಯಡ" ಅಂತ ಹೇಳುತ್ತಲೇ ಇದ್ದರು. ಗಿಡದಲ್ಲಿ ಚಗಳಿ ಇರುವೆ ಬೇರೆ. ಕೊಯ್ಯುವವರು ಪೂರ್ತಿ ತೋಳಿನ ಅಂಗಿ ಹಾಕಿಕೊಂಡಿದ್ದರೂ ಕುತ್ತಿಗೆಗೆ ಕಚ್ಚಿಸಿಕೊಳ್ಳುತ್ತಾರೆ.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿಯೇ ಮುಖ್ಯ ಬೆಳೆ. ಶಿರಸಿಯಲ್ಲಿ ಅಡಿಕೆಯೇ ಯಜಮಾನ, ಕಾಫಿ ಅದರ ನಡುವೆ ಮೆಣಸಿನ ಬಳ್ಳಿ, ಏಲಕ್ಕಿ ಜತೆ ಜಾಗ ಮಾಡಿಕೊಂಡಿರುವ ಬೆಳೆ. ಅಡಿಕೆ ಕೊನೆ ಕೊಯ್ದು, ಸುಲಿದು, ಒಣಗಿಸುವ ಗಡಿಬಿಡಿ ಮುಗಿಯುವ ಮೊದಲೇ ರೋಬಸ್ಟಾ ಹಣ್ಣಾಗಲು ಶುರುವಾಗುತ್ತದೆ. ಅದೇ ಆಳು, ಅದೇ ಅಂಗಳ. ಆಳು ಸಿಗದಿದ್ದರೆ ಎಷ್ಟೋ ಮನೆಯವರು ಕಾಯಿ ಒಂದೇ ಸಲ ಎಳೆದು ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ, ಅವರನ್ನು ತಪ್ಪು ಅನ್ನಲಾರೆ. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾಕ್ಕೆ ಹೋಲಿಸಿದರೆ ರೋಬಸ್ಟಾ ಹಣ್ಣು ಬೇಗ ಉದುರುವುದಿಲ್ಲ, ಗಿಡದಲ್ಲೇ ಕೆಲವು ದಿನ ಕಾಯುತ್ತದೆ. ಅಷ್ಟೊಂದು ಪುಣ್ಯ.

ಕೊಯ್ದ ಹಣ್ಣನ್ನು ರಾಶಿ ಹಾಕಿ ಹಾಗೇ ಬಿಟ್ಟರೆ ಬಿಸಿಯಾಗಿ ಹುಳಿಯುತ್ತದೆ. ಆ ವಾಸನೆ ಲೋಟದವರೆಗೂ ಬರುತ್ತದೆ. ಇಲ್ಲಿ ಅದೇ ದಿನ ಸಿಮೆಂಟ್ ಅಂಗಳದಲ್ಲಿ ತೆಳ್ಳಗೆ ಹರಡುತ್ತಾರೆ, ದಿನಕ್ಕೆ ನಾಲ್ಕಾರು ಸಲ ಕೈಯಾಡುತ್ತಾರೆ, ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಮುಚ್ಚುತ್ತಾರೆ. ಎರಡು ವಾರದಷ್ಟು ಬಿಸಿಲು ಬೇಕು. ಕಪ್ಪಾಗಿ ಒಣಗಿದ ಹಣ್ಣನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆಮೇಲೆ ಮಿಲ್ಲಿನಲ್ಲಿ ಸಿಪ್ಪೆ ತೆಗೆಸುತ್ತಾರೆ. ಹೆಚ್ಚುಕಡಿಮೆ 5 ಕೆಜಿ ಹಣ್ಣಿಗೆ 1 ಕೆಜಿ ಬೀಜ ಸಿಗುತ್ತದೆ, ಹುರಿದಾಗ ತೂಕ ಇನ್ನೂ ಇಳಿಯುತ್ತದೆ. ಅಂದರೆ ಈ ಕಾಲು ಕೆಜಿ ಪ್ಯಾಕೆಟ್ಟಿನ ಹಿಂದೆ ಒಂದೂವರೆ ಕೆಜಿಯಷ್ಟು ಕೆಂಪು ಹಣ್ಣಿದೆ, ಎಲ್ಲವನ್ನೂ ಯಾರೋ ನೋಡಿ ನೋಡಿ ಕೊಯ್ದಿದ್ದಾರೆ. ಹೂ ಬಿಟ್ಟು ಹಣ್ಣಾಗಲಿಕ್ಕೆ 10-11 ತಿಂಗಳು ಹಿಡಿದಿದೆ.

ಇನ್ನು ರುಚಿ. ಕಹಿ ಇದೆ, ರೋಬಸ್ಟಾ ಅಲ್ವಾ, ಆದರೆ ಗಂಟಲಲ್ಲಿ ಉಳಿಯುವ ಸುಟ್ಟ ಕಹಿ ಅಲ್ಲ. ಒಗರಿಲ್ಲ. ಮಣ್ಣಿನ ವಾಸನೆ, ಬೂಷ್ಟು ಹಿಡಿದ ವಾಸನೆ ಸ್ವಲ್ಪವೂ ಇಲ್ಲ, ಒಣಗಿಸಿದ್ದು ಸರಿಯಾಗಿದೆ ಅನ್ನುವುದಕ್ಕೆ ಇದೇ ಗುರುತು. ಹಾಲು ಹಾಕಿದರೂ ಕಾಫಿಯ ಘಮ ಮುಳುಗುವುದಿಲ್ಲ. ಜೋನಿಬೆಲ್ಲ ಹಾಕಿಯೂ ಕುಡಿದೆ, ಬಹಳ ಹಿಡಿಸಿತು. ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಕಾಣುವುದಿಲ್ಲ, ಯಾಕೆಂದರೆ ಆ ಬಣ್ಣ, ಆ ದಪ್ಪ ಕೊಡುತ್ತಿದ್ದದ್ದು ಚಿಕೋರಿ. ಒಂದು ಚಮಚ ಪುಡಿ ಜಾಸ್ತಿ ಹಾಕಿ, ಬಿಸಿನೀರು ಕಡಿಮೆ ಮಾಡಿ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು ಇರುತ್ತದೆ, ಹಾಗಾಗಿ ರಾತ್ರಿ ನಿದ್ದೆ ಬಾರದವರು ಸಂಜೆ ಕುಡಿಯುವುದು ಬೇಡ.

ತಕರಾರೂ ಇದೆ. ಪುಡಿ ತೀರಾ ನುಣ್ಣಗಿದೆ. ಫಿಲ್ಟರ್ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ, ಬಟ್ಟೆಯಲ್ಲಿ ಸೋಸುವವರಿಗೆ ಪರವಾಗಿಲ್ಲ. ಪ್ಯಾಕೆಟ್ ಸಾದಾ ತೆಳು ಪ್ಲಾಸ್ಟಿಕ್. ಘಟ್ಟದ ಮೇಲೆ ಹೇಗೋ ಗೊತ್ತಿಲ್ಲ, ನಮ್ಮ ಕಾರವಾರದ ಮಳೆಗಾಲದ ತೇವಕ್ಕೆ ಇದು ನಡೆಯುವುದಿಲ್ಲ. ಒಡೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಸುರಿಯದಿದ್ದರೆ ಪುಡಿ ಗಂಟು ಕಟ್ಟಿ ಘಮ ಹೋಗುತ್ತದೆ. ಎರಡನ್ನೂ ಮನೆಯವರಿಗೆ ಹೇಳಿದೆ. ಕೇಳಿದರೆ ಹುರಿದ ಬೀಜವನ್ನೇ ಕೊಡುತ್ತಾರಂತೆ, ಬೇಕಾದರೆ ತರಿತರಿಯಾಗಿ ಬೀಸಿಸಿಯೂ ಕೊಡುತ್ತಾರಂತೆ. ಮನೆಯಲ್ಲಿ ಬೀಸಿಕೊಳ್ಳುವ ಅನುಕೂಲ ಇದ್ದವರು ಬೀಜವನ್ನೇ ಕೇಳಿ. ಹೊಸ ಫಸಲು ಮಾರ್ಚ್ ಹೊತ್ತಿಗೆ ಬರುತ್ತದೆ, ತೋಟ ಚಿಕ್ಕದು, ಬೇಗ ಖಾಲಿಯಾಗುತ್ತದೆ.