ದೊಡ್ಡಾಟದ ಸೆಟ್ ತಗೊಳ್ಳಿ, ಜಪಾನಿ ಸೆಟ್ ನೋಡಿ ತಗೊಳ್ಳಿ: ಹಳೇ ಹುಬ್ಬಳ್ಳಿಯ ಒಂದು ವೇಷದಂಗಡಿ

ಹಳೇ ಹುಬ್ಬಳ್ಳಿಯಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಈ ಅಂಗಡಿಗೆ ಎರಡು ಥರದ ಗಿರಾಕಿಗಳು. ಸುಗ್ಗಿ ಮುಗಿದ ಮೇಲೆ ಜಾತ್ರೆಗೆ ದೊಡ್ಡಾಟ ಕಟ್ಟುವ ಹಳ್ಳಿ ಮೇಳದವರು, ಮತ್ತೆ ಗ್ಯಾದರಿಂಗ್, ಯುವಜನೋತ್ಸವ ಅಂತ ಬರುವ ಕಾಲೇಜು ಹುಡುಗರು. ಹುಡುಗರ ಸಲುವಾಗಿ ಈಗ ‘ಜಪಾನಿ ಸೆಟ್’ ಅಂತ ಒಂದು ಹೊಸದಾಗಿ ಸೇರಿದೆ. ದೊಡ್ಡಾಟದ್ದನ್ನು ಧೈರ್ಯವಾಗಿ ತರಬಹುದು. ಜಪಾನಿಯದರಲ್ಲಿ ನಿಲುವಂಗಿ, ನಡುಪಟ್ಟಿ ಇಷ್ಟೇ ತಂದು ಉಳಿದದ್ದು ಅಲ್ಲೇ ಬಿಟ್ಟುಬನ್ನಿ.

ರಾಜವೇಷಕ್ಕೆ ಕಿರೀಟ, ಜೋಡಿ ಭುಜಕೀರ್ತಿ, ಎದೆಹಾರ, ತೋಳಬಂದಿ, ಡಾಬು, ಗೆಜ್ಜೆ ಎಲ್ಲ ಒಂದೇ ಟ್ರಂಕಿನಲ್ಲಿ ಬರುತ್ತವೆ. ಕಿರೀಟದಲ್ಲಿ ಎರಡು ಜಾತಿ: ರಟ್ಟಿನದು, ಹಗುರ ಕಟ್ಟಿಗೆಯದು. ಅರ್ಧ ತಾಸಿನ ಸ್ಟೇಜಿಗೆ ರಟ್ಟು ಸಾಕು. ಬೆಳತನಕ ಆಡುವ ಆಟಕ್ಕೆ ಅದು ತಡೆಯುವುದಿಲ್ಲ. ಬೆವರು ಕುಡಿದು ಹಣೆಯ ಅಂಚು ಮೆತ್ತಗಾಗುತ್ತದೆ, ಒಂದು ಜೋರು ಕುಣಿತಕ್ಕೆ ಕಿರೀಟ ಹುಬ್ಬಿನ ಮೇಲೆ ಇಳಿಯುತ್ತದೆ. ಕಟ್ಟಿಗೆಯದನ್ನೇ ಕೇಳಿ. ತಗೊಳ್ಳುವಾಗ ಮುಂದಿನ ಹೊಳಪು ನೋಡಬೇಡಿ, ತಿರುವಿಹಾಕಿ ಹಿಂಭಾಗ ನೋಡಿ. ಬೇಗಡೆ ಅಲ್ಲಲ್ಲಿ ಕಿತ್ತಿದ್ದರೆ ಹತ್ತು ಅಡಿ ದೂರಕ್ಕೆ ಯಾರಿಗೂ ಕಾಣದು. ಒಳಗಿನ ಬಟ್ಟೆಯ ಹೊಲಿಗೆ, ದಾರ ಪೋಣಿಸುವ ತೂತಿನ ಸುತ್ತಲಿನ ಕಟ್ಟಿಗೆ, ಇವೆರಡು ಗಟ್ಟಿ ಇರಬೇಕು. ಈ ಅಂಗಡಿಯ ದೊಡ್ಡ ಗುಣ ಇಲ್ಲೇ ಇದೆ: ತೂತು ಸವೆದಲ್ಲೆಲ್ಲ ತಗಡಿನ ಬಿಲ್ಲೆ ಕೂರಿಸಿದ್ದಾರೆ. ಆಟ ಬಲ್ಲ ಕೈ ಮಾತ್ರ ಇಷ್ಟು ಕಾಳಜಿ ಮಾಡುತ್ತದೆ.

ಅವರು ಕೊಡುವ ನೈಲಾನ್ ದಾರ ಮಾತ್ರ ಬೇಡ. ಬೆವರಿಗೆ ಜಾರುತ್ತದೆ, ಗಂಟು ತಾನೇ ಸಡಿಲಾಗುತ್ತದೆ. ಹತ್ತಿಯ ಲಾಡಿ ಒಯ್ಯಿರಿ. ಮೊದಲು ಹಳೇ ಧೋತರದ ಪಟ್ಟಿಯನ್ನು ತಲೆಗೆ ಮೂರು ಸುತ್ತು ಬಿಗಿದು, ಹಿಂದಲೆಯ ಕೆಳಗೆ ಗಂಟು ಹಾಕಿ, ಆ ಸುತ್ತಿನ ಮೇಲೆ ಕಿರೀಟ ಕೂರಿಸಬೇಕು. ಬರಿ ಕೂದಲ ಮೇಲೆ ಕಟ್ಟಿದ ಕಿರೀಟ ನಿಲ್ಲುವುದಿಲ್ಲ. ಭುಜಕೀರ್ತಿಯ ಲಾಡಿ ಕಂಕುಳಲ್ಲಿ ಹಾದು ಬೆನ್ನ ಮೇಲೆ ಅಡ್ಡಡ್ಡ ಸೇರಲಿ. ಸಡಿಲಾದರೆ ತಿರುಗುವಾಗ ಕಿವಿಗೆ ಬಡಿಯುತ್ತದೆ. ಗೆಜ್ಜೆಪಟ್ಟಿಯ ಕೆಳಗೆ ಬಟ್ಟೆ ಸುತ್ತದಿದ್ದರೆ ಮೊದಲ ರಾತ್ರಿಗೇ ಕಾಲು ಸುಲಿಯುತ್ತದೆ.

ಬಣ್ಣದ ಪೆಟ್ಟಿಗೆಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಸಫೇದಾ ಎಂಬ ಬಿಳಿ ಪುಡಿ, ಕಾಡಿಗೆ, ಕೆಂಪು ಎಲ್ಲ ಬಿಡಿ ಡಬ್ಬಿಯಲ್ಲಿದ್ದು, ಒಂದರ ಮೇಲೂ ಚೀಟಿ ಇಲ್ಲ. ಸಫೇದಾ ಅಂದರೆ ಜಿಂಕ್ ಆಕ್ಸೈಡ್ ಆಗಿರಬೇಕು. ಹಿಂದಿನವರು ಹಚ್ಚುತ್ತಿದ್ದ ಹಳದಿ ಅರದಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಇಂಗಳೀಕದಲ್ಲಿ ಪಾದರಸ ಇದೆ. ಯಾರು ಎಷ್ಟೇ ಹೊಗಳಿದರೂ ಮುಖಕ್ಕೆ ಮುಟ್ಟಿಸಬೇಡಿ. ಕಾಬೂಕಿ ಎಂಬ ಜಪಾನಿ ಆಟದ ನಟರು ಇದೇ ಕಷ್ಟ ಉಂಡವರು. 1887ರಲ್ಲಿ ಚಕ್ರವರ್ತಿ ಮೇಜಿಯ ಎದುರು ಆಡುವಾಗ ನಾಲ್ಕನೇ ನಕಮುರ ಫುಕುಸುಕೆ ಎಂಬ ನಟನ ಕಾಲು ನಡುಗತೊಡಗಿತು. ದಿನಾ ಹಚ್ಚುತ್ತಿದ್ದ ಬಿಳಿ ಬಣ್ಣದ ಸೀಸ ಮೈಗೆ ಏರಿತ್ತು. ಸೀಸವಿಲ್ಲದ ಬಿಳಿ ಅಲ್ಲಿ ಪೇಟೆಗೆ ಬಂದದ್ದು ಆಮೇಲೆ. ಹಾಗಾಗಿ ಹೆಸರು, ಒಳಗಿನ ವಸ್ತುಗಳ ಪಟ್ಟಿ ಅಚ್ಚಾದ ಡಬ್ಬಿ ಹೊರಗೆ ಕೊಂಡು, ಬಾಡಿಗೆಯಲ್ಲಿ ಪೆಟ್ಟಿಗೆಯ ಲೆಕ್ಕ ಕಳೆಯಿಸಿ. ಕೇಳಿದರೆ ಕಳೆಯುತ್ತಾರೆ. ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಚೆನ್ನಾಗಿದೆ. ಆದರೆ ಮೊದಲು ಗಮ್, ಆಮೇಲೆ ಬಣ್ಣ. ಎಣ್ಣೆ ಹತ್ತಿದ ಚರ್ಮಕ್ಕೆ ಅದು ಹಿಡಿಯುವುದಿಲ್ಲ, ಭೀಮನ ಮೀಸೆ ಮಾತಿನ ನಡುವೆ ಕಳಚುತ್ತದೆ.

ಇನ್ನು ಜಪಾನಿ ಸೆಟ್. ಬಿಳಿ ಪ್ಲಾಸ್ಟಿಕ್ ಮುಖವಾಡ, ಕರಿ ವಿಗ್, ಸಾಟಿನ್ ನಿಲುವಂಗಿ, ಅಗಲ ನಡುಪಟ್ಟಿ. ಮುಖವಾಡವನ್ನು ‘ಕಾಬೂಕಿ ಮುಖವಾಡ’ ಎಂದು ಕೊಡುತ್ತಾರೆ. ಕಾಬೂಕಿಯವರು ಬಣ್ಣ ಹಚ್ಚಿಕೊಳ್ಳುತ್ತಾರೆ. ಮುಖವಾಡ ‘ನೋ’ ಎಂಬ ಇನ್ನೊಂದು ಜಪಾನಿ ಆಟದ್ದು. ‘ನೋ’ ಆಟದ್ದು ಎಂದುಕೊಂಡು ತಂದರೂ ಇದು ನಡೆಯುವುದಿಲ್ಲ. ಅಲ್ಲಿನದು ಹಿನೋಕಿ ಎಂಬ ಮರದಲ್ಲಿ ಕೆತ್ತಿದ್ದು, ನಟನ ಮುಖಕ್ಕಿಂತ ಸಣ್ಣದು, ಗದ್ದ ಹೊರಗೆ ಕಾಣುತ್ತದೆ. ತುಸು ಕೆಳಗೆ ಬಾಗಿಸಿದರೆ ಕೆತ್ತನೆಯ ನೆರಳು ಬಿದ್ದು ಮುಖ ಬಾಡುತ್ತದೆ, ತುಸು ಎತ್ತಿದರೆ ಬೆಳಕು ತುಂಬಿ ನಕ್ಕಂತಾಗುತ್ತದೆ. ಚಪ್ಪಟೆ ಪ್ಲಾಸ್ಟಿಕ್ಕಿನಲ್ಲಿ ಆ ನೆರಳು ಎಲ್ಲಿಂದ ಬರಬೇಕು?

ಕಾಬೂಕಿ ದೃಶ್ಯವೇ ಬೇಕಿದ್ದರೆ ಬಣ್ಣ ನೀವೇ ಬರೆಯಿರಿ. ಅಲ್ಲಿ ಮೊದಲು ಮೇಣದಂಥ ಗಟ್ಟಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತೆಳುವಾಗಿ ಉಜ್ಜುತ್ತಾರೆ, ಹುಬ್ಬನ್ನೂ ಅದರಿಂದಲೇ ಅಡಗಿಸುತ್ತಾರೆ. ಮೇಲೆ ನೀರಲ್ಲಿ ಕಲಸಿದ ಬಿಳಿಯನ್ನು ಅಗಲ ಬ್ರಶ್ಶಿನಿಂದ ಹಚ್ಚಿ ಸ್ಪಂಜಿನಿಂದ ಒತ್ತುತ್ತಾರೆ. ಆಮೇಲೆ ಗೆರೆ: ಒಂದು ಅಂಚು ಕತ್ತರಿಸಿದಷ್ಟು ಚೂಪು, ಇನ್ನೊಂದು ಅಂಚು ಬೆರಳಿನಿಂದ ತೀಡಿ ಮಾಸಲು. ನಮ್ಮ ಹುಡುಗರು ಎರಡೂ ಅಂಚು ಚೂಪು ಮಾಡಿಬಿಡುತ್ತಾರೆ, ಮುಖ ಪಟ್ಟೆಪಟ್ಟೆ ಕಾಣುತ್ತದೆ. ಅಂಗಡಿಯ ಬಣ್ಣದವರು ರಾಕ್ಷಸನ ರೂಢಿಯಿಂದ ಕೇಡಿಗನಿಗೆ ಕೆಂಪು ಬಳಿಯುತ್ತಾರೆ. ಕಾಬೂಕಿಯಲ್ಲಿ ಕೆಂಪು ವೀರನದು, ಕೇಡಿಗನಿಗೆ ನೀಲಿ, ದೆವ್ವ ಭೂತಗಳಿಗೆ ಕಂದು. ಮೊದಲೇ ಹೇಳಿಡಿ.

ನಿಲುವಂಗಿ ಚೆನ್ನಾಗಿದೆ, ಗಂಡಾಳಿನ ಅಳತೆಗೂ ಸಿಗುತ್ತದೆ. 1629ರಲ್ಲಿ ಹೆಂಗಸರಿಗೆ ರಂಗ ನಿಷೇಧವಾದ ಮೇಲೆ ಕಾಬೂಕಿಯಲ್ಲಿ ಹೆಣ್ಣು ಪಾತ್ರವೂ ಗಂಡಸರದೇ, ದೊಡ್ಡಾಟದ ಹಳೇ ಪದ್ಧತಿಯಂತೆ. ಉಡುವಾಗ ಬಲ ಅಂಚು ಒಳಗೆ, ಎಡ ಅಂಚು ಮೇಲೆ. ಇದು ಗಂಡಿಗೂ ಒಂದೇ, ಹೆಣ್ಣಿಗೂ ಒಂದೇ. ತಿರುವುಮುರುವಾದರೆ ಅದು ಅಲ್ಲಿ ಹೆಣಕ್ಕೆ ಉಡಿಸುವ ರೀತಿ.

ಬಾಡಿಗೆ ಒಂದು ರಾತ್ರಿಯ ಲೆಕ್ಕ. ಮರುದಿನ ಮಧ್ಯಾಹ್ನ ದಾಟಿದರೆ ಎರಡನೇ ದಿನದ್ದೂ ಹಿಡಿಯುತ್ತಾರೆ. ಟ್ರಂಕ್ ಒಯ್ಯುವಾಗಲೇ ಗೆಜ್ಜೆ ಎಣಿಸಿ ಚೀಟಿಯಲ್ಲಿ ಬರೆಸಿ, ಡಿಪಾಜಿಟ್‌ನಲ್ಲಿ ಹೆಚ್ಚು ಕಡಿತ ಆಗುವುದು ಅದರಲ್ಲೇ. ಬೆವರಿದ ಪಟ್ಟಿ, ಲಾಡಿಗಳನ್ನು ನೆರಳಲ್ಲಿ ಒಣಗಿಸಿ ಮರಳಿಸಿ. ಬಿಸಿಲಿಗೆ ಹಾಕಿದರೆ ಗೆಜ್ಜೆಯ ಚರ್ಮ ಸೆಟೆದು, ಮುಂದಿನ ಮೇಳದವರ ಕಾಲಿಗೆ ಅದೇ ಕೊಯ್ಯುತ್ತದೆ.