ಸತ್ತ ಕಂಪ್ಯೂಟರಿನ ಹಾರ್ಡ್ ಡಿಸ್ಕ್: ಒಳಗೆ ಕೂರಿಸೋದಾ, ಹೊರಗಿಂದ ಜೋಡಿಸೋದಾ?

ಮದರ್‌ಬೋರ್ಡ್ ಸುಟ್ಟರೂ ಹಾರ್ಡ್ ಡಿಸ್ಕ್ ಎಷ್ಟೋ ಸಲ ಚೆನ್ನಾಗೇ ಇರುತ್ತೆ. ಮನೆಯಲ್ಲಿ ಇನ್ನೊಂದು ಡೆಸ್ಕ್‌ಟಾಪ್ ಇದ್ದರೆ ಅದರೊಳಗೇ ಕೂರಿಸಬಹುದು. ಖರ್ಚು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಒಂದು ಸಾಟಾ ಕೇಬಲ್ಲಿನದ್ದು, ವೇಗವೂ ಪೂರ್ತಿ. ಆದರೆ ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಬೇಕು. ಕನೆಕ್ಟರ್ 'ಎಲ್' ಆಕಾರದ್ದು. ತಿರುಗಾಮುರುಗಾ ಹಿಡಿದು ಒತ್ತಿದರೆ ಒಳಗಿನ ತೆಳು ಪ್ಲಾಸ್ಟಿಕ್ ಮುರಿದುಹೋಗುತ್ತೆ.

ಫೋಟೋ, ಕಾಗದಪತ್ರ ಸಿಕ್ಕರೆ ಸಾಕು ಅನ್ನೋರು ಡಿಸ್ಕನ್ನು ಹೊರಗಿಂದಲೇ ಜೋಡಿಸುವ ಯುಎಸ್‌ಬಿ ಅಡಾಪ್ಟರನ್ನೇ ತಗೊಳ್ಳಿ. ಲ್ಯಾಪ್‌ಟಾಪಿಗೂ ಆಗುತ್ತೆ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್ ಯುಎಸ್‌ಬಿಯ 5 ವೋಲ್ಟಿನಲ್ಲೇ ಓಡುತ್ತೆ, ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟೂ ಬೇಕು, ಪ್ರತ್ಯೇಕ ಪವರ್ ಅಡಾಪ್ಟರ್ ಇರೋದನ್ನೇ ಕೇಳಿ ತನ್ನಿ. ನಾನು ಅದಿಲ್ಲದ್ದನ್ನು ತಂದು, ಡಿಸ್ಕ್ ತಿರುಗದೆ, ಅಪ್ಪನ ಫೋಟೋಗಳೆಲ್ಲ ಹೋದವು ಅಂತ ರಾತ್ರಿಯೆಲ್ಲ ಕೊರಗಿದ್ದೆ.

ಹಳೇ ವಿಂಡೋಸೇ ಶುರುವಾಗಬೇಕೆಂದರೆ ಒಳಗೆ ಕೂರಿಸಿ ನೋಡಿ. ಡ್ರೈವರ್, ಲೈಸೆನ್ಸ್ ತಕರಾರು ಬರಬಹುದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಇದ್ದರೆ ಯಾವ ದಾರಿಯಲ್ಲಾದರೂ ಸಾಮಾನ್ಯವಾಗಿ 48 ಅಂಕಿಯ ರಿಕವರಿ ಕೀ ಕೇಳುತ್ತೆ. 'ಫಾರ್ಮ್ಯಾಟ್ ಮಾಡಲೇ?' ಅಂದರೆ ದಯವಿಟ್ಟು ಬೇಡ ಅನ್ನಿ.

ಟಕ್ ಟಕ್ ಸದ್ದು ಬಂತೋ, ಎರಡೂ ಬೇಡ. ತಕ್ಷಣ ಕರೆಂಟ್ ತೆಗೆದು ಡೇಟಾ ರಿಕವರಿಯವರಿಗೆ ಕೊಡಿ.