ಡ್ಯೂಟಿ ಬದಲಾಗುವ ಹೊತ್ತಿಗೆ ಪೇಷೆಂಟ್ ಹತ್ತಿರವೇ ಇರಿ

ಕಲಬುರಗಿಯಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದ್ದರೆ ಒಂದು ಮಾತು. ನರ್ಸ್‌ಗಳ ಡ್ಯೂಟಿ ಬದಲಾಗುವ ಹೊತ್ತಿಗೆ ಊಟ ತರೋಕೆ ಅಂತ ಎಲ್ಲರೂ ಹೊರಗೆ ಹೋಗಬೇಡಿ.

ಸೇಡಂ ಕಡೆಯ ನಮ್ಮ ಕಾಕಾ ಕಾಲಿನ ಗಾಯಕ್ಕೆ ಇಲ್ಲಿನ ಒಂದು ಖಾಸಗಿ ಆಸ್ಪತ್ರೆ ಸೇರಿದ್ದರು. ಶುಗರ್ ಹಳೆಯದು. ಬಾತ್‌ರೂಮ್ ಹತ್ತಿರವಾಗಲಿ ಅಂತ ಮಧ್ಯಾಹ್ನ ಅವರನ್ನು ಹನ್ನೆರಡನೇ ಬೆಡ್‌ನಿಂದ ಒಂಬತ್ತಕ್ಕೆ ಹಾಕಿದರು. ರಾತ್ರಿ ಊಟಕ್ಕೆ ಮುಂಚೆ ಸಿಸ್ಟರ್ ಇನ್ಸುಲಿನ್ ಕೊಟ್ಟರು. ಚಾರ್ಟ್‌ನಲ್ಲಿ ಬರೆಯಲಿಲ್ಲ. ಮನೆಗೆ ಹೊರಡುವಾಗ ಹೊಸಬರಿಗೆ ಹೇಳಿದ್ದು ಇಷ್ಟೇ ಅಂತೆ: "ಹನ್ನೆರಡಕ್ಕ ಇನ್ಸುಲಿನ್ ಆಗ್ಯದ, ಉಳಿದದ್ದೆಲ್ಲಾ ನಾರ್ಮಲ್ ಅದ."

ಬಂದವರು ಒಂಬತ್ತನೇ ಬೆಡ್‌ನ ಚಾರ್ಟ್ ನೋಡಿದರು. ಇನ್ಸುಲಿನ್ ಕಾಲಂ ಖಾಲಿ. ಇನ್ನೊಂದು ಡೋಸ್ ತಂದರು. "ಈಗರೆ ಮಾಡಿ ಹೋದರಲ್ಲವ್ವಾ" ಅಂದರು ಕಾಕಾ. "ಅದು ಬ್ಯಾರೆ ಇಂಜೆಕ್ಷನ್ ಇರಬೇಕು ಕಾಕಾ" ಅಂತ ಚುಚ್ಚಿಯೇ ಬಿಟ್ಟರು.

ಹತ್ತು ಗಂಟೆಗೆಲ್ಲಾ ಕಾಕಾನ ಬನಿಯನ್ ಬೆವರಿಗೆ ತೊಯ್ದಿತ್ತು. ಕೈ ನಡುಗುತ್ತಿತ್ತು. ನನ್ನನ್ನೇ "ಯಾರಪ್ಪಾ ನೀ?" ಅಂದರು. ಬೆರಳು ಚುಚ್ಚಿ ನೋಡಿದರೆ ಶುಗರ್ 46. 70ಕ್ಕಿಂತ ಇಳಿದರೇ ಕಮ್ಮಿ. ಗ್ಲುಕೋಸ್ ಏರಿಸಿದ ಮೇಲೆ ಗುರುತು ಹಿಡಿದರು. ಆದರೂ ರಾತ್ರಿಯಿಡೀ ಮತ್ತೆ ಮತ್ತೆ ಶುಗರ್ ನೋಡಬೇಕಾಯ್ತು, ಒಳಗಿನ ಇನ್ಸುಲಿನ್ ಕೆಲಸ ಮಾಡುತ್ತಲೇ ಇರುತ್ತಲ್ವಾ.

ಅಂದಹಾಗೆ, ಹನ್ನೆರಡನೇ ಬೆಡ್‌ಗೆ ಬಂದಿದ್ದ ಹುಡುಗನಿಗೆ ಡೆಂಗಿ. ಶುಗರೇ ಇರಲಿಲ್ಲ. ಇವನಿಗ್ಯಾಕೆ ಇನ್ಸುಲಿನ್ ಅಂತ ಯಾರೂ ಕೇಳಲಿಲ್ಲ.

ಒಬ್ಬ ಸಿಸ್ಟರ್‌ಗೆ ಇಡೀ ವಾರ್ಡ್ ಕೊಟ್ಟು ಆಮೇಲೆ ಅವರನ್ನೇ ಬೈಯೋದು ಸುಲಭ. ಕೆಟ್ಟಿರೋದು ಒಪ್ಪಿಸುವ ಪದ್ಧತಿ. ರೋಗಿಯನ್ನು ರೂಮ್ ನಂಬರ್‌ನಿಂದ ಗುರುತಿಸಬೇಡಿ, ಹೆಸರು, ಹುಟ್ಟಿದ ದಿನದಂಥ ಎರಡು ಗುರುತು ನೋಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಅಮೆರಿಕ, ಕೆನಡಾದ 9 ಕಡೆ ಮಕ್ಕಳ ಡಾಕ್ಟರ್‌ಗಳು ಡ್ಯೂಟಿ ಒಪ್ಪಿಸುವ ರೀತಿ ಬದಲಿಸಿದಾಗ ತಪ್ಪುಗಳು ಶೇ. 23ರಷ್ಟು ಇಳಿದವು ಅಂತ 2014ರಲ್ಲಿ ವರದಿಯಾಯ್ತು. ಕೇಳಿಸಿಕೊಂಡವರು ಅದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು ಅನ್ನೋದು ಅದರ ಒಂದು ಭಾಗ. ಇದಕ್ಕೆ ಮಷಿನ್ ಬೇಡ, ದುಡ್ಡು ಬೇಡ.

ನಿಮ್ಮ ಕೈಲಾಗೋದು ಇಷ್ಟು: ಇನ್ಸುಲಿನ್, ರಕ್ತ ತೆಳು ಮಾಡುವ ಇಂಜೆಕ್ಷನ್ ಇದ್ದರೆ ಹೆಸರು, ಗಂಟೆ ಕೇಳಿ ಬರೆದಿಟ್ಟುಕೊಳ್ಳಿ. ಬೆಡ್ ಬದಲಾದರೆ ಬರುವ ಪ್ರತಿ ಸಿಸ್ಟರ್‌ಗೂ ಹೇಳಿ, ಮುಖ ಸಿಂಡರಿಸಿದರೆ ಸಿಂಡರಿಸಲಿ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಬರೆದುಕೊಟ್ಟರೆ, ಕೊನೆಯ ಡೋಸ್ ಎಷ್ಟು ಗಂಟೆಗೆ ಕೊಟ್ಟದ್ದು ಅಂತ ಆ ಚೀಟಿಯಲ್ಲೇ ಬರೆಸಿಕೊಂಡು ಆಂಬುಲೆನ್ಸ್ ಹತ್ತಿ.